ಜಾಲಿಯೊಳಗಿನ ತಂತಿ

ಸಿರಿಗೇರಿಯ ಆ ಹೊಲ ಮೊದಲ ಸಲ ನೋಡಿದಾಗ ಹೊಲದಂತೆ ಕಾಣಲೇ ಇಲ್ಲ. ಸುತ್ತಲಿನ ಗದ್ದೆಗಳೆಲ್ಲ ಕೊಯ್ಲು ಮುಗಿಸಿ ಬೋಳಾಗಿದ್ದವು. ನಡುವೆ ಇದೊಂದು ಮಾತ್ರ ಹಸಿರು ಗುಡ್ಡೆಯ ಹಾಗೆ ನಿಂತಿತ್ತು, ತುಂಬ ಜಾಲಿ. ಬೇರೆ ಜಿಲ್ಲೆಯವರು ಈ ಗಿಡಕ್ಕೆ ಬಳ್ಳಾರಿ ಜಾಲಿ ಎನ್ನುತ್ತಾರೆ. ಬಳ್ಳಾರಿಯವರಾದ ನಾವು ಬರೀ ಜಾಲಿ ಎನ್ನುತ್ತೇವೆ. ಊರ ಹೆಸರು ಸೇರಿಸಿ ಹೆಮ್ಮೆಪಡುವಂಥ ಗಿಡವೇನೂ ಅಲ್ಲ ಅದು. ಆದರೆ ನಮ್ಮ ಮನೆಯ ಒಲೆ ಉರಿಯುವುದು ಅದರಿಂದಲೇ. ಬಳ್ಳಾರಿಯಲ್ಲಿ ಸಿರುಗುಪ್ಪ ರಸ್ತೆಯ ಬದಿಗೆ ನಮ್ಮದೊಂದು ಕಟ್ಟಿಗೆ ಅಡ್ಡೆ ಇದೆ. ನಮ್ಮ ಯಜಮಾನರು ಅಲ್ಲಿ ಕೂತು ಮಾರಾಟ ನೋಡಿಕೊಳ್ಳುತ್ತಾರೆ. ಹೊಲ ನೋಡುವುದು, ಮಾತು ಮುಗಿಸುವುದು, ನಿಂತು ಕಡಿಸುವುದು ನನ್ನ ಪಾಲಿನ ಕೆಲಸ. ಮೈದುನ ಮರ ಕೊಯ್ಯುವ ಕಟಿಂಗ್ ಮಷೀನೂ ಟ್ರ್ಯಾಕ್ಟರೂ ನಡೆಸುತ್ತಾನೆ.

ಹೊಲ ಕೊಂಡವರು ಸಿರುಗುಪ್ಪದಲ್ಲಿ ಬಟ್ಟೆ ಅಂಗಡಿ ಇಟ್ಟ ಸಾಹುಕಾರರು. ಕೊಂಡು ಬಹಳ ದಿನವಾಗಿರಲಿಲ್ಲ. ಮಾರಿದವರು ಆದೋನಿ ಕಡೆ ಹೋಗಿ ನೆಲೆಸಿದ್ದರಂತೆ. ಬೈಕಿನಿಂದ ಇಳಿಯದೆ, ಬದುವಿನ ಮೇಲೆ ಒಂದು ಕಾಲು ಊರಿ, ಸಾಹುಕಾರರು ಮಾತಾಡಿದರು.

"ಕಟ್ಟಿಗಿ ಎಲ್ಲಾ ನಿಮ್ದ. ನನಗೇನೂ ಬ್ಯಾಡ. ಬುಡಸಮೇತ ಕಿತ್ತು ನೆಲ ಸಾಪ್ ಮಾಡಿಕೊಡ್ರಿ. ಕಾಲುವಿಗೆ ನೀರು ಬಿಡೂದ್ರಾಗ ಭೂಮಿ ನನ್ನ ಕೈಗೆ ಬರಬೇಕು, ಈ ವರ್ಷ ನಾಟಿ ಮಾಡಬೇಕು."

"ಒಳಗ ಹೋಗಿ ನೋಡೀರೇನ್ರಿ ಸಾವ್ಕಾರ್ರ?"

"ಎಲ್ಲಿ ಹೋಗಾಕ ಆಗ್ತೈತಿ? ನರಿ ಸೈತ ಹೋಗಂಗಿಲ್ಲ. ಒಳಗೇನಿರ್ತೈತಿ, ಜಾಲಿ ಇರ್ತೈತಿ."

ನಾನು ಸುತ್ತ ಒಂದು ಸುತ್ತು ಹಾಕಿದೆ. ಕಟ್ಟಿಗೆಗೆ ಹೊಲ ಹಿಡಿಯುವಾಗ ಮೂರು ಸಂಗತಿ ನೋಡುತ್ತೇನೆ. ಕಾಂಡದ ದಪ್ಪ ಮೊದಲನೆಯದು. ತೊಡೆ ಗಾತ್ರದ್ದು ಭಟ್ಟಿಗೆ ಹೋಗುತ್ತದೆ, ತೋಳಿನಷ್ಟಿರುವುದು ಹೋಟೆಲಿಗೆ, ಅದಕ್ಕಿಂತ ಸಣ್ಣದು ಮುಳ್ಳಿನ ಲೆಕ್ಕ, ಕಡಿದ ಕೂಲಿಯೂ ಹುಟ್ಟುವುದಿಲ್ಲ. ಎರಡನೆಯದು ಟ್ರ್ಯಾಕ್ಟರ್ ಒಳಗೆ ಬಂದು ತುಂಬಿಕೊಂಡು ಹೊರಗೆ ಹೋಗುವ ದಾರಿ. ಎರೆ ಭೂಮಿಯಲ್ಲಿ ಖಾಲಿ ಟ್ರ್ಯಾಲಿ ಬಂದ ದಾರಿಯಲ್ಲಿ ತುಂಬಿದ ಟ್ರ್ಯಾಲಿ ಹೋಗುತ್ತದೆಂಬ ಭರವಸೆಯಿಲ್ಲ. ಮೂರನೆಯದು ಜಾಲಿಯ ನಡುವೆ ಬೇವು, ಹುಣಸೆಯಂಥ ಬೇರೆ ಮರ ಇವೆಯೇ ಎಂಬುದು. ಇದ್ದರೆ ಅರಣ್ಯದವರನ್ನು ಕೇಳದೆ ಕೈ ಹಚ್ಚುವುದಿಲ್ಲ. ಇಲ್ಲಿ ಕಾಂಡ ಚೆನ್ನಾಗಿತ್ತು, ದಾರಿ ಪರವಾಗಿಲ್ಲ, ಬೇರೆ ಮರ ಕಾಣಲಿಲ್ಲ. ಒಪ್ಪಿಕೊಂಡೆ.

ಅದೇ ವಾರ ಬಳ್ಳಾರಿಯ ಮಂಡಕ್ಕಿ ಭಟ್ಟಿಯೊಂದರ ಮಾಲೀಕರಿಗೆ ಮಾತು ಕೊಟ್ಟೆ. ಅವರು ವಯಸ್ಸಾದವರು, ನಾವು ಚಾಚಾ ಎನ್ನುತ್ತೇವೆ. ಮಳೆಗಾಲ ಹಿಡಿಯುವ ಮೊದಲು ಇಡೀ ಮಳೆಗಾಲದ ಕಟ್ಟಿಗೆ ಕೂಡಿಹಾಕಿಕೊಳ್ಳುವುದು ಅವರ ಪದ್ಧತಿ.

"ನೋಡಮ್ಮ, ಮಂಡಾಳು ಹುರಿಯೂದು ಅಂದ್ರ ಉಸುಕು ಒಂದೇ ಸಮ ಕಾಯಬೇಕು" ಎಂದರು. "ಉರಿ ಹೆಚ್ಚಾದ್ರ ಕರೀ ಆಗ್ತಾವ, ಕಡಿಮಿ ಆದ್ರ ಅರಳಂಗಿಲ್ಲ. ಹಸಿ ಕಟ್ಟಿಗಿ ಹಾಕಿದ್ರ ನಾನೂ ನನ್ನ ಆಳುಗಳೂ ಹೊಗಿ ಕುಡಕೋಂತ ಕುಂದ್ರಬೇಕು. ಒಣಾ ಮಾಲು ಕೊಡ್ತೀನಿ ಅಂದ್ರ ಕೊಡು, ಇಲ್ಲಂದ್ರ ಈಗ ಹೇಳಿಬಿಡು."

ಕೊಡುತ್ತೇನೆ ಎಂದೆ. ಬಳ್ಳಾರಿಯ ಬೇಸಿಗೆ ಬಿಸಿಲಿಗೆ ಕಡಿದು ಸೀಳಿಟ್ಟ ಜಾಲಿ ಒಣಗಲು ಬಹಳ ದಿನ ಬೇಕಾಗುವುದಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು.

ಕೆಲಸ ಹೊರ ಅಂಚಿನಿಂದ ಶುರು ಮಾಡಿದೆವು. ಸಿರಿಗೇರಿಯ ನಾಲ್ಕು ಜನ ಕೂಲಿಯವರು ಬಂದಿದ್ದರು. ಜಾಲಿ ಕಡಿಯುವಾಗ ಮೊದಲು ಬುಡಕ್ಕೆ ಹೋಗುವ ಹಾಗಿಲ್ಲ. ಕವೆಗೋಲಿನಿಂದ ಮುಳ್ಳಿನ ಕೊಂಬೆ ಎಳೆದು, ಮಚ್ಚಿನಿಂದ ಸವರಿ, ಒಬ್ಬ ಮನುಷ್ಯ ಬಗ್ಗಿ ನಿಂತು ಹಿಂದೆ ಸರಿಯಲು ಜಾಗ ಮಾಡಿಕೊಳ್ಳಬೇಕು. ಆಮೇಲೆ ಮಷೀನು. ಮಷೀನಿನ ಉದ್ದ ಪಟ್ಟಿಯ ಮೂತಿ ಬೇರೆ ಕೊಂಬೆಗೆ ತಾಗಿದರೆ ಅದು ಹಿಂದಕ್ಕೆ ಚಿಮ್ಮುತ್ತದೆ, ಹಿಡಿದವನ ಮುಖಕ್ಕೇ ಬರುತ್ತದೆ. ಅದಕ್ಕೇ ಜಾಗ ಮಾಡದೆ ಮಷೀನು ಚಾಲೂ ಮಾಡಬಾರದೆಂದು ನಮ್ಮಲ್ಲಿ ಕಟ್ಟಪ್ಪಣೆ. ಕೂಲಿಯವರು ಟೈರಿನ ರಬ್ಬರು ಹೊಡೆದ ಚಪ್ಪಲಿ ಹಾಕಿಕೊಂಡಿದ್ದರು. ಈ ಮುಳ್ಳು ಮಾಮೂಲಿ ಚಪ್ಪಲಿಯನ್ನು ಲೆಕ್ಕಕ್ಕೆ ಇಡುವುದಿಲ್ಲ. ಟ್ರ್ಯಾಲಿಯ ಚಕ್ರ ಹೋಗುವ ಕಡೆಯಲ್ಲಂತೂ ಒಂದು ಮುಳ್ಳು ಉಳಿಯದಂತೆ ಗುಡಿಸಬೇಕು.

ಹಸಿ ಜಾಲಿ ಕತ್ತರಿಸಲು ಸುಲಭ, ಒಣಗಿದರೆ ಕಬ್ಬಿಣ. ಹಾಗಾಗಿ ಬಿದ್ದ ದಿನವೇ ತುಂಡು ಮಾಡಿ, ದಪ್ಪನೆಯದನ್ನು ಸೀಳಿಬಿಡುತ್ತಿದ್ದೆವು. ಧೂಳು ತೊಗಟೆಯಲ್ಲಿ ಸೇರಿಕೊಂಡಿರುವುದರಿಂದ ಮಷೀನಿನ ಹಲ್ಲಿನ ಚೈನು ಬೇಗ ಮೊಂಡಾಗುತ್ತದೆ. ಮೈದುನ ಪೆಟ್ರೋಲು ತುಂಬಿಸಿದಾಗಲೆಲ್ಲ ಅರ ತೆಗೆದು ಹಲ್ಲು ಸಾಣೆ ಹಿಡಿಯುತ್ತಿದ್ದ. ಹಿಟ್ಟಿನಂಥ ಪುಡಿ ಉದುರಿದರೆ ಚೈನು ಮೊಂಡಾಗಿದೆ, ಚಕ್ಕೆ ಚಕ್ಕೆಯಾಗಿ ಉದುರಿದರೆ ಸರಿಯಿದೆ. ಇದನ್ನು ದೂರದಿಂದ ನೋಡಿಯೇ ಹೇಳಬಹುದು.

ಒಂದು ವಾರ ಕೆಲಸ ಓಡಿತು. ಆಮೇಲೆ ಅಡ್ಡಮಳೆ ಬಂತು, ಒಂದೇ ಸಂಜೆ, ಆದರೆ ಬಿಟ್ಟೂಬಿಡದೆ. ಬೆಳಿಗ್ಗೆ ಹೋಗಿ ನೋಡಿದರೆ ಎರೆಮಣ್ಣು ಅಂಟಿನಂತಾಗಿತ್ತು. ಅರ್ಧ ತುಂಬಿದ ಟ್ರ್ಯಾಲಿ ಅಚ್ಚಿನವರೆಗೆ ಹೂತಿತ್ತು. ಕಟ್ಟಿಗೆಯೆಲ್ಲ ಇಳಿಸಿ, ಚಕ್ರದ ಕೆಳಗೆ ಜಾಲಿ ಸೊಪ್ಪು ಹಾಸಿ ಎಳೆದರೂ ಬರಲಿಲ್ಲ. ನೆಲ ಆರುವವರೆಗೆ ಕಾಯುವುದು ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಕೂಲಿಯವರು ಕುರುಗೋಡು ಕಡೆ ಬೇರೆ ಕೆಲಸಕ್ಕೆ ಹೋದರು. ಒಟ್ಟಿದ್ದ ಸೀಳುಗಳು ನೆನೆದು ಕಪ್ಪಾದವು. ಚಾಚಾ ಫೋನ್ ಮಾಡಿದರು. ಬರುತ್ತದೆ ಎಂದೆ. ಮೈದುನನ ಮುಖ ಅವತ್ತಿನಿಂದಲೇ ಬಿಗಿಯಾಯಿತು. ಕುಡತಿನಿಯಲ್ಲಿ ಯಾರೋ ಗುತ್ತಿಗೆ ಕೆಲಸಕ್ಕೆ ಕರೆದಿದ್ದಾರೆ, ಅಲ್ಲಿಗೇ ಹೋದರೆ ಈ ಮುಳ್ಳಿನ ಗೋಳಾದರೂ ತಪ್ಪುತ್ತದೆ ಎಂದು ಯಜಮಾನರ ಹತ್ತಿರ ಅಂದನಂತೆ.

ನೆಲ ಆರಿದ ಮೇಲೆ ಮತ್ತೆ ಶುರು ಮಾಡಿದೆವು. ಅಂಚಿನದೆಲ್ಲ ಮುಗಿದು, ಹೊಲದ ನಡುಭಾಗದ ದಟ್ಟ ಪೊದೆಗೆ ಬಂದಿದ್ದೆವು. ಅಲ್ಲಿನ ಜಾಲಿಗಳು ಎಲ್ಲಕ್ಕಿಂತ ದಪ್ಪ, ಒಂದಕ್ಕೊಂದು ಹೆಣೆದುಕೊಂಡಿದ್ದವು. ಮೈದುನ ಒಂದು ಕಾಂಡಕ್ಕೆ ಮಷೀನು ಹಚ್ಚಿದ. ಅರ್ಧ ಹೋಗಿತ್ತೋ ಇಲ್ಲವೋ, ಕರ್ರನೆ ಕಿರುಚಿ, ಕಿಡಿ ಹಾರಿ, ಚೈನು ಕಡಿದುಹೋಯಿತು. ತುಂಡಾದ ತುದಿ ಅವನ ಪ್ಯಾಂಟಿಗೆ ಬಡಿದು ಬಟ್ಟೆ ಹರಿಯಿತು. ತೊಡೆಯ ಮೇಲೆ ಗೀರು ಎದ್ದಿತ್ತು, ಗಾಯವಾಗಿರಲಿಲ್ಲ. ಅವನು ಮಷೀನು ಕೆಳಗಿಟ್ಟು, ನಿಂತಲ್ಲೇ ಸ್ವಲ್ಪ ಹೊತ್ತು ತೊಡೆ ಹಿಡಿದುಕೊಂಡಿದ್ದ.

ಕೊಡಲಿಯಿಂದ ಆ ಜಾಗ ಬಿಡಿಸಿ ನೋಡಿದೆವು. ಕಾಂಡದ ಒಳಗೆ ಮುಳ್ಳುತಂತಿ ಇತ್ತು. ಎಂದೋ ಗಿಡಕ್ಕೆ ತಾಗಿಕೊಂಡಿದ್ದ ತಂತಿಯನ್ನು ಮರ ಬೆಳೆಯುತ್ತ ಬೆಳೆಯುತ್ತ ನುಂಗಿತ್ತು. ಇಂಥದ್ದು ಹೊಲದ ಅಂಚಿನಲ್ಲಿ ಹೊಸದಲ್ಲ. ಬೇಲಿ ಸಾಲಿನ ಮರಗಳನ್ನು ಕಡಿಯುವಾಗ ನಾವು ಮೊದಲು ಕೊಡಲಿಯ ಬೆನ್ನಿನಿಂದ ಬಡಿದು ನೋಡುತ್ತೇವೆ. ಆದರೆ ಇದು ಹೊಲದ ನಡುಮಧ್ಯ.

ಮೈದುನ ಹೊಸ ಚೈನು ತರಲು ಬಳ್ಳಾರಿಗೆ ಹೋದ. ನಾನು ಕೂಲಿಯವರೊಂದಿಗೆ ಆ ತಂತಿಯ ಜಾಡು ಹಿಡಿದೆ. ಎಡಕ್ಕೆ ಇನ್ನೊಂದು ಮರದಲ್ಲಿ ಅದರ ತುದಿ ಸಿಕ್ಕಿತು. ಬಲಕ್ಕೆ ಸೊಪ್ಪು ಸವರಿದಾಗ ವಾಲಿದ ಒಂದು ಕಲ್ಲುಕಂಬ ಕಂಡಿತು, ಅದಕ್ಕೂ ತಂತಿ ಸುತ್ತಿತ್ತು. ಮೂರೂ ಒಂದೇ ಗೆರೆಯಲ್ಲಿ ಇರಲಿಲ್ಲ. ಕಣ್ಣಂದಾಜಿನಲ್ಲಿ ಜೋಡಿಸಿದರೆ ಬೇಲಿ ಬಾಗಿಕೊಂಡು ಪೊದೆಯ ಒಳಭಾಗವನ್ನು ಸುತ್ತುವ ಹಾಗಿತ್ತು. ಹೊಲದ ನಡುವೆ ಯಾರೂ ಸುಮ್ಮನೆ ಬೇಲಿ ಹಾಕುವುದಿಲ್ಲ. ದನ ಹೋಗಬಾರದು, ಮಕ್ಕಳು ಹೋಗಬಾರದು ಎನ್ನುವಂಥದ್ದು ಏನೋ ಒಳಗೆ ಇದ್ದಾಗ ಹಾಕುತ್ತಾರೆ. ಸಮಾಧಿ ಇರಬಹುದು, ಹಳೇ ಬಾವಿ ಇರಬಹುದು, ಏನೂ ಇರದೆಯೂ ಇರಬಹುದು.

ಸಾಹುಕಾರರಿಗೆ ಫೋನ್ ಹಚ್ಚಿದೆ. "ಬಾವಿ ಗೀವಿ ಏನೂ ಇಲ್ಲಮ್ಮ. ಇದ್ದಿದ್ರ ಮಾರಿದವ್ರು ಹೇಳ್ತಿದ್ದಿಲ್ಲೇನು? ನೀವು ಲಗೂನ ಕೆಲಸ ಮುಗಸ್ರಿ" ಎಂದರು. ಅಂಗಡಿಯಲ್ಲಿ ಗಿರಾಕಿಗಳಿದ್ದಂತಿತ್ತು.

ಮರುದಿನ ಬೆಳಿಗ್ಗೆ ನಾನು ಹೊಲ ಮುಟ್ಟುವ ಹೊತ್ತಿಗೆ ಜೆಸಿಬಿ ಬಂದು ನಿಂತಿತ್ತು. ಮೈದುನ ನನಗೆ ಹೇಳದೆ ತರಿಸಿದ್ದ. ಅವನ ಲೆಕ್ಕ ತಪ್ಪೆಂದು ಹೇಳಲಾಗದು. ತಂತಿ ಇರುವ ಮರಗಳನ್ನು ನಿಂತಲ್ಲೇ ಕೊಯ್ದರೆ ಚೈನು ಮತ್ತೆ ಕಡಿದುಹೋಗುತ್ತದೆ. ಜೆಸಿಬಿಯಿಂದ ಬುಡಸಮೇತ ನೂಕಿ ಮಲಗಿಸಿ, ಆಮೇಲೆ ಬಡಿದು ನೋಡಿ ತುಂಡು ಮಾಡಿದರೆ ಮಳೆಗೆ ಹೋದ ದಿನಗಳೂ ವಾಪಸು ಸಿಗುತ್ತವೆ, ಬೊಡ್ಡೆ ಕೀಳುವ ಕೆಲಸವೂ ಮುಗಿಯುತ್ತದೆ.

ಡ್ರೈವರ್ ಗಟ್ಟಿ ಆಳು, ಕೆಲಸದಲ್ಲಿ ಚುರುಕೆಂದು ಹೆಸರಿತ್ತು. "ಅಕ್ಕಾರ, ಬಕೆಟ್ ಕೊಟ್ಟು ನೂಕಿದ್ರ ಮಧ್ಯಾಹ್ನದೊಳಗ ಎಲ್ಲಾ ಮಲಗಿಸಿಬಿಡ್ತೀನಿ ನೋಡ್ರಿ" ಎಂದು ಮೇಲೆ ಹತ್ತಿ ಎಂಜಿನ್ ಚಾಲೂ ಮಾಡಿದ. ತಂತಿ ಸಿಕ್ಕ ಮರದವರೆಗೆ ಗಾಡಿ ತಂದು, ಮುಂದಿನ ಬಕೆಟ್ ಎತ್ತಿ, ಎಂಜಿನ್ ರೈಸ್ ಮಾಡಿದ.

ಆ ಸದ್ದಿಗೆ ಪೊದೆಯ ನಡುವಿನಿಂದ ಪಾರಿವಾಳಗಳು ಎದ್ದವು, ಒಂದು ಹಿಂಡು. ಮರದ ತುದಿಯಿಂದ ಅಲ್ಲ, ಕೆಳಗಿನಿಂದ, ಒತ್ತಿ ಬಂದಂತೆ ನೆಟ್ಟಗೆ ಮೇಲಕ್ಕೆ.

ನಾನು ಓಡಿಹೋಗಿ ಗಾಡಿಯ ಮುಂದೆ ನಿಂತೆ. ಕೈ ಬೀಸಿದೆ. ಡ್ರೈವರ್ ಎಂಜಿನ್ ತಗ್ಗಿಸಿ ತಲೆ ಹೊರಗೆ ಹಾಕಿದ.

"ಬಂದ್ ಮಾಡಪಾ. ಒಳಗ ಏನೈತಿ ಅಂತ ಗೊತ್ತಾಗೂತನಕ ಮುಂದ ಹೋಗೂದು ಬ್ಯಾಡ."

"ಏನಿರ್ತೈತ್ರಿ? ಹಾವಿದ್ರ ಹಾವು ಓಡ್ತೈತಿ."

ಮೈದುನ ಹತ್ತಿರ ಬಂದ. "ಅತ್ತಿಗಿ, ನಾನ ಕರಸೀನಿ ಅದನ್ನ. ಬಾಡಿಗಿ ಗಾಡಿ. ಹಿಂಗ ನಿಂತ್ರೂ ಬಾಡಿಗಿ ಬೀಳ್ತೈತಿ. ಈಗಾಗ್ಲೇ ಚಾಚಾಗ ಕೊಟ್ಟ ಮಾತು ತಪ್ಪಾಕತ್ತೈತಿ."

"ಪಾರಿವಾಳ ಎಲ್ಲಿಂದ ಎದ್ವು, ನೋಡಿದೇನು?"

"ಗಿಡದಾಗಿಂದ."

"ಪಾರಿವಾಳ ಜಾಲಿ ಗಿಡದಾಗ ಗೂಡು ಕಟ್ತಾವೇನು? ಅವಕ್ಕ ಕಲ್ಲಿನ ಸಂದಿ ಬೇಕು. ಈ ಹೊಲದಾಗ ಕಲ್ಲೆಲ್ಲೈತಿ?"

ಅವನು ಒಪ್ಪಿದ ಹಾಗೆ ಕಾಣಲಿಲ್ಲ. "ಬಾವಿನ ಇದ್ರೂ ಇಷ್ಟು ಹತ್ತಿರ ಇರ್ತೈತೇನು? ಸ್ವಲ್ಪ ಸ್ವಲ್ಪ ನೂಕ್ಕೋಂತ ಹೋಗ್ಲಿ" ಎಂದ.

ನನಗೂ ಖಾತ್ರಿ ಇರಲಿಲ್ಲ. ತಂತಿ, ಕಲ್ಲುಕಂಬ, ಪಾರಿವಾಳ. ಇಷ್ಟರ ಮೇಲೆ ಒಂದು ದಿನದ ಕೆಲಸ ನಿಲ್ಲಿಸಿದರೆ, ಆಮೇಲೆ ಒಳಗೆ ಬರೀ ಜಾಲಿ ಸಿಕ್ಕರೆ, ಮನೆಯಲ್ಲಿ ನನ್ನ ಮಾತಿಗೆ ಏನು ಬೆಲೆ ಉಳಿಯುತ್ತದೆಂಬುದೂ ಹೊಳೆಯಿತು. ಆದರೆ ನೆಲ ಮೇಲೆ ಆರಿದ್ದರೂ ಒಳಗೆ ಇನ್ನೂ ಹಸಿಯಿತ್ತು. ಎರೆಮಣ್ಣಿನ ಬಾವಿಯ ದಂಡೆ ಅಷ್ಟು ಭಾರದ ಗಾಡಿಯನ್ನು ತಡೆಯುವುದಿಲ್ಲ. ಸ್ವಲ್ಪ ಸ್ವಲ್ಪ ಎನ್ನುವುದಕ್ಕೆ ಅಲ್ಲಿ ಅರ್ಥವಿಲ್ಲ, ಕುಸಿದರೆ ಒಮ್ಮೆಲೇ ಕುಸಿಯುತ್ತದೆ. ನಾನು ಡ್ರೈವರನಿಗೆ, ಅರ್ಧ ದಿನದ ಬಾಡಿಗೆ ಕೊಟ್ಟು ಕಳಿಸುತ್ತೇನೆ, ಗಾಡಿ ಹಿಂದಕ್ಕೆ ತೆಗೆದುಕೋ ಎಂದೆ.

ಅವನಿಗೆ ಅವಮಾನವಾಯಿತು. ಕೂಲಿಯವರು ನೋಡುತ್ತಿದ್ದರು. "ಹೆಣ್ಮಕ್ಕಳು ಹೇಳಿದಂಗ ಮಷೀನ್ ನಡಸಿದ್ರ ನಾ ಹೊಟ್ಟಿ ತುಂಬಿಸಿಕೊಂಡಂಗ! ಇನ್ನ ಮ್ಯಾಲ ನನ್ನ ಕರೀಬ್ಯಾಡ್ರಿ" ಎಂದು ಮೈದುನನಿಗೆ ಹೇಳಿ, ಬಂದ ಜಾಡಿನಲ್ಲೇ ಗಾಡಿ ಹಿಂದಕ್ಕೆ ತೆಗೆದುಕೊಂಡು ಹೋದ.

ಮೈದುನ ನನ್ನ ಕಡೆ ನೋಡಲಿಲ್ಲ. ಕವೆಗೋಲು ತೆಗೆದುಕೊಂಡು ತಾನೇ ಪೊದೆಗೆ ನುಗ್ಗಲು ಹೊರಟ. ನಾನು ತಡೆದು, ಟ್ರ್ಯಾಲಿಯ ಹಗ್ಗ ಅವನ ಸೊಂಟಕ್ಕೆ ಕಟ್ಟಿದೆ. ಅದರ ಇನ್ನೊಂದು ತುದಿಯನ್ನು ಗಟ್ಟಿಯಾದ ಒಂದು ಬೊಡ್ಡೆಗೆ ಸುತ್ತಿ ಇಬ್ಬರು ಕೂಲಿಯವರ ಕೈಗೆ ಕೊಟ್ಟೆ. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಳ್ಳುವಾಗ ಅವನು "ಎತ್ತಿಗೆ ಕಟ್ಟಿದಂಗ ಕಟ್ಟಾಕತ್ತೀರಲ್ಲ" ಎಂದ. ಸಿಟ್ಟಿನಲ್ಲೇ ಅಂದದ್ದು.

ಮುಂದೆ ಒಂದು ಉದ್ದ ಗಳ ಊರಿ ನೆಲ ನೋಡುವುದು, ಕೊಂಬೆ ಎಳೆಯುವುದು, ಕಲ್ಲು ಎಸೆಯುವುದು, ಒಂದು ಹೆಜ್ಜೆ ಇಡುವುದು. ಮೊದಲ ಕಲ್ಲುಗಳು ಸೊಪ್ಪಿನೊಳಗೆ ಬಿದ್ದು ನೆಲಕ್ಕೆ ದಪ್ ದಪ್ ಎಂದವು. ಬಿಸಿಲು ಏರುತ್ತಿತ್ತು. ಮೈದುನ ಇನ್ನೊಂದು ಕಲ್ಲು ಎಸೆದ. ಅದು ಎಲೆಗಳನ್ನು ಸರಸರ ಸವರಿಕೊಂಡು ಹೋಯಿತು, ನೆಲಕ್ಕೆ ಬಿದ್ದ ಸದ್ದೇ ಬರಲಿಲ್ಲ. ಒಂದು ಕ್ಷಣ ಬಿಟ್ಟು ಎಲ್ಲೋ ಕೆಳಗೆ ನೀರಿನ ಸದ್ದು.

ಮೈದುನ ಕೈಯಲ್ಲಿದ್ದ ಕೋಲನ್ನು ಹಾಗೇ ಕೆಳಗಿಟ್ಟು, ಎರಡೂ ಕೈಯಿಂದ ಹಗ್ಗ ಹಿಡಿದುಕೊಂಡ. "ಎಳೀರಿ, ನಿಧಾನ ಎಳೀರಿ" ಎಂದ. ಅವನು ನಿಂತ ಜಾಗದಿಂದ ಒಂದು ತೋಳಿನಳತೆ ಮುಂದೆ ಕೊಂಬೆಗಳ ಕೆಳಗೆ ಕಲ್ಲು ಕಟ್ಟಿದ ದುಂಡನೆಯ ಅಂಚು ಇತ್ತು. ಅರ್ಧ ಕುಸಿದಿತ್ತು. ಜಾಲಿಯ ಬೇರುಗಳು ಕಲ್ಲುಗಳ ಸಂದಿಯಿಂದ ಒಳಕ್ಕೆ ಇಳಿದಿದ್ದವು, ಕೊಂಬೆಗಳು ಮೇಲೆ ಚಪ್ಪರದಂತೆ ಮುಚ್ಚಿದ್ದವು. ಹಿಂದೆ ಬಂದು ಕೂತವನು ಬಹಳ ಹೊತ್ತು ಹಗ್ಗ ಬಿಚ್ಚಲಿಲ್ಲ. ಕೂಲಿಯವರಲ್ಲಿ ಒಬ್ಬ ನೀರಿನ ಕ್ಯಾನ್ ತಂದು ಅವನ ಮುಂದೆ ಇಟ್ಟ.

ಸಂಜೆ ನಾನು ಬಳ್ಳಾರಿಗೆ ಹೋಗಿ ನೇರ ಭಟ್ಟಿಗೆ ನಡೆದೆ. ಮಾಲು ಹೇಳಿದ ಹೊತ್ತಿಗೆ ಬರುವುದಿಲ್ಲ, ಕಡಿದದ್ದೂ ಮಳೆಗೆ ನೆನೆದಿದೆ, ಒಣಗಿಸದೆ ಕೊಡುವುದಿಲ್ಲ ಎಂದು ಚಾಚಾಗೆ ಹೇಳಿದೆ. ಬಾವಿಯ ಸಂಗತಿಯನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಜೀವ ಉಳೀತಲ್ಲ, ಅಲ್ಲಾ ದೊಡ್ಡಂವ" ಎಂದರು. "ಆದ್ರ ನನ್ನ ಭಟ್ಟಿ ನಿಂದ್ರಂಗಿಲ್ಲಮ್ಮ. ನಾ ಬ್ಯಾರೇ ಕಡೆ ತಗೊಂತೀನಿ. ಬೇಜಾರಾಗಬ್ಯಾಡ."

ಬೇಜಾರು ಮಾಡಿಕೊಳ್ಳುವ ಮಾತಲ್ಲ ಅದು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಆ ವರ್ಷ ಆ ಭಟ್ಟಿಗೆ ನಮ್ಮ ಕಟ್ಟಿಗೆ ಹೋಗಲಿಲ್ಲ, ಮುಂದಿನ ವರ್ಷವೂ ಅವರು ಹೊಸಬರನ್ನೇ ಹಿಡಿದರು.

ಸಾಹುಕಾರರು ಮರುದಿನ ಬಂದರು. ಈ ಸಲ ಬೈಕಿನಿಂದ ಇಳಿದರು. ದೂರ ನಿಂತು ಬಾವಿ ನೋಡಿ, ಮಾರಿದವರಿಗೆ ಒಂದಷ್ಟು ಬೈದರು. ಆಮೇಲೆ, "ಕಡಿದ ಬೊಡ್ಡಿ, ಮುಳ್ಳು ಎಲ್ಲಾ ಅದರಾಗ ಹಾಕಿ ಮ್ಯಾಲ ಮಣ್ಣು ಎಳದುಬಿಡ್ರಿ. ಮುಗೀತು" ಎಂದರು.

"ಹಂಗ ಮಾಡಬಾರ್ದ್ರಿ ಸಾವ್ಕಾರ್ರ. ಬೊಡ್ಡಿ ಕೊಳೀತಾವ, ಕೊಳತಂಗೆಲ್ಲ ಮಣ್ಣು ಕುಸೀತೈತಿ. ನಾಕು ವರ್ಷಕ್ಕ ನಾಟಿ ಹೆಣ್ಮಕ್ಕಳು ಅದರ ಮ್ಯಾಲ ನಿಂತಿರ್ತಾರ. ಮುಚ್ಚೂದಾದ್ರ ಕಲ್ಲು, ಗರಸು ಹಾಕಿ ತಳದಿಂದ ತುಂಬಬೇಕು. ಇಲ್ಲಂದ್ರ ಸುತ್ತ ಗ್ವಾಡಿ ಕಟ್ಟಸ್ರಿ."

ಸಾಹುಕಾರರು ಮೈದುನನ ಕಡೆ ನೋಡಿದರು. ಅವನು ಯಾವತ್ತೂ ನನ್ನ ಮಾತಿಗೆ ಎದುರು ಇನ್ನೊಂದು ಹೇಳುವವನು. ಅವತ್ತು "ಅತ್ತಿಗಿ ಹೇಳಿದ್ದ ಖರೇ ರೀ" ಎಂದಷ್ಟೇ ಹೇಳಿ ಅರ ಹಿಡಿದು ಚೈನು ಸಾಣೆಗೆ ಕೂತ. ಕುಡತಿನಿಯ ಮಾತು ಮತ್ತೆ ಅವನ ಬಾಯಲ್ಲಿ ಬರಲಿಲ್ಲ.

ಕಲ್ಲಿಗೆ, ಗರಸು ಮಣ್ಣಿಗೆ ಆಗುವ ಖರ್ಚು ವಿಚಾರಿಸಿದ ಸಾಹುಕಾರರು ಗೋಡೆಯನ್ನೇ ಆರಿಸಿಕೊಂಡರು. ಅದಕ್ಕೆ ಮೇಸ್ತ್ರಿ ಸಿಗುವ ಹೊತ್ತಿಗೆ ಕಾಲುವೆಗೆ ನೀರು ಬಂದಿತ್ತು. ಆ ಸಲ ಅವರ ನಾಟಿ ತಪ್ಪಿತು. ಬಾವಿಯ ಸುತ್ತಲಿನ ಜಾಲಿಯನ್ನು ನಾವು ಹಗ್ಗ ಕಟ್ಟಿಕೊಂಡು, ಕೊಂಬೆ ಕೊಂಬೆಯಾಗಿ, ಕೈಯಿಂದಲೇ ಇಳಿಸಿದೆವು. ಬೊಡ್ಡೆಗಳನ್ನು ಬೇಸಿಗೆಗೆ ಕಿತ್ತುಕೊಡುವುದೆಂದು ಮಾತಾಯಿತು.

ಅಷ್ಟು ಕಟ್ಟಿಗೆ ಅಡ್ಡೆಗೆ ಬಂದು ಬಿದ್ದಾಗ ಅದು ಬರೀ ಭಾರ. ಕೆಳಗೆ ಎರಡು ಸಾಲು ದಪ್ಪ ದಿಮ್ಮಿ ಹಾಕಿ, ನೆಲಕ್ಕೆ ತಾಗದಂತೆ, ಸೀಳುಗಳನ್ನು ಅಡ್ಡಡ್ಡ ಒಟ್ಟಿದೆವು, ಒಂದಕ್ಕೊಂದು ನಡುವೆ ಗಾಳಿ ಆಡುವಷ್ಟು ಸಂದಿ ಬಿಟ್ಟು. ಮೇಲೆ ಮಾತ್ರ ತಗಡು ಹೊದಿಸಿದೆವು. ತಾಡಪತ್ರಿ ಸುತ್ತಿ ಬಿಗಿದರೆ ಒಳಗೇ ಬೆವತು ಬೂಷ್ಟು ಹಿಡಿಯುತ್ತದೆ. ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಎರಡು ಸೀಳು ತೆಗೆದು ಒಂದಕ್ಕೊಂದು ಬಡಿದು ನೋಡಬೇಕು. ಹಸಿಯದು ಮಂಕಾಗಿ ಸದ್ದು ಮಾಡುತ್ತದೆ, ಒಣಗಿದ್ದು ಟಣ್ ಎನ್ನುತ್ತದೆ. ತುದಿಯಲ್ಲಿ ಬಿರುಕು ಬಿಟ್ಟಿರುತ್ತದೆ, ತೊಗಟೆ ಉಗುರಿಗೆ ಏಳುತ್ತದೆ. ಇಡಿಯಾಗಿ ಕೊಳ್ಳುವ ಗಿರಾಕಿ ಸಿಗಲಿಲ್ಲ. ಮಿರ್ಚಿ ಒಗ್ಗರಣೆಯ ಹೋಟೆಲುಗಳಿಗೆ, ಮದುವೆ ಅಡುಗೆಯವರಿಗೆ, ಕಂಟೋನ್ಮೆಂಟ್ ಕಡೆಯ ಒಂದು ಬೇಕರಿಗೆ, ನೀರು ಕಾಯಿಸಲು ಒಯ್ಯುವ ಮನೆಗಳಿಗೆ ಸ್ವಲ್ಪ ಸ್ವಲ್ಪವೇ ಹೋಯಿತು. ನಿಧಾನವಾಯಿತು, ಆದರೆ ಹೊಗೆ ಬರುತ್ತದೆಂದು ಯಾರೂ ವಾಪಸು ತರಲಿಲ್ಲ.

ಬೇಸಿಗೆ ಬಂತು. ಕಡಿದ ಬೊಡ್ಡೆಗಳೆಲ್ಲ ಸೊಂಟದೆತ್ತರ ಚಿಗುರಿದ್ದವು. ಜಾಲಿಯನ್ನು ನೆಲಮಟ್ಟ ಕಡಿದರೂ ಇದೇ ಕಥೆ, ಬೇರು ಹೊರಬರದೆ ಅದು ಹೊಲ ಬಿಡುವುದಿಲ್ಲ. ಜೆಸಿಬಿ ಬೇಕಾಯಿತು. ಯಾರನ್ನು ಕರೆಯೋಣ ಎಂದು ಮೈದುನನನ್ನು ಕೇಳಿದೆ. ಅವನು ಅದೇ ಡ್ರೈವರನಿಗೆ ಫೋನ್ ಮಾಡಿದ. ಏನು ಮಾತಾಡಿದನೋ ತಿಳಿಯದು, ಬೆಳಿಗ್ಗೆ ಗಾಡಿ ಬಂತು.

ಡ್ರೈವರ್ ಬದುವಿನ ಹತ್ತಿರವೇ ಎಂಜಿನ್ ಬಂದ್ ಮಾಡಿ ಕೆಳಗಿಳಿದ. ಹೊಲ ಈಗ ಬಯಲಾಗಿತ್ತು. ಚಿಗುರಿನ ನಡುವೆ ಸಿಮೆಂಟಿನ ಗೋಡೆಯ ಬಾವಿ ದೂರದಿಂದಲೇ ಕಾಣುತ್ತಿತ್ತು. ಅವನು ನನಗೆ ನಮಸ್ಕಾರ ಮಾಡಲಿಲ್ಲ. ಚಿಗುರು ಸರಿಸುತ್ತ ಹೋಗಿ, ಕೊಡಲಿಯ ಗಾಯವಿದ್ದ ಒಂದು ಬೊಡ್ಡೆಯ ಹತ್ತಿರ ನಿಂತ. ತಂತಿಯ ತುದಿ ಅದರಲ್ಲಿ ಇನ್ನೂ ಇತ್ತು.

"ಅವತ್ತು ಇಲ್ಲೆ ಅಲ್ಲೇನ್ರಿ ನಾ ನಿಂತಿದ್ದು?"

"ಹೂಂ."

ಅವನು ಬಾವಿಯ ಕಡೆಗೆ ನಡೆದ. ನಡೆಯುವಾಗ ತುಟಿ ಅಲುಗುತ್ತಿತ್ತು, ಹೆಜ್ಜೆ ಎಣಿಸುತ್ತಿದ್ದನೆಂದು ಕಾಣುತ್ತದೆ. ಬಹಳ ನಡೆಯಬೇಕಾಗಲಿಲ್ಲ. ಗೋಡೆಯ ಮೇಲೆ ಎರಡೂ ಅಂಗೈ ಊರಿ ಒಳಗೆ ಬಗ್ಗಿ ನೋಡಿದ. ಹಾಗೇ ನಿಂತಿದ್ದ. ಮೈದುನ ಅವನ ಕಡೆ ಹೊರಟವನು, ನಾನು ಕಣ್ಸನ್ನೆ ಮಾಡಿದ್ದಕ್ಕೆ ನಿಂತ.

ಡ್ರೈವರ್ ವಾಪಸು ಬಂದು, ಹೆಗಲ ಮೇಲಿನ ಟವೆಲು ತೆಗೆದು ತಲೆಗೆ ಸುತ್ತಿಕೊಂಡ. ಗಾಡಿ ಹತ್ತಲು ಒಂದು ಕಾಲಿಟ್ಟು ನನ್ನ ಕಡೆ ತಿರುಗಿದ.

"ಎಲ್ಲಿಂದ ಚಾಲೂ ಮಾಡ್ಲಿ, ಹೇಳ್ರಿ ಅಕ್ಕಾರ."

ನಾನು ಪಡುವಣದ ಅಂಚು ತೋರಿಸಿದೆ.